ಬೋರಣ್ಣನಿಗೆ ಕೀಲೇ ಇಲ್ಲ

ನಮ್ಮ ಶಾಲೆಯ ಲ್ಯಾಬಿನ ಮೂಲೆಯಲ್ಲಿ ಒಂದು ಅಸ್ಥಿಪಂಜರ ನಿಂತಿದೆ. ಪ್ಲಾಸ್ಟಿಕ್ಕಿನದು. ನಿಂತಿದೆ ಅಂದರೆ ಸುಳ್ಳಾಗುತ್ತದೆ, ನೇತಾಡುತ್ತಿದೆ. ಬುರುಡೆಯ ನೆತ್ತಿಯಲ್ಲಿ ಒಂದು ಕೊಕ್ಕೆ, ಅದನ್ನು ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿದ್ದಾರೆ. ಎಡಗಾಲಿನ ಎರಡು ಬೆರಳು ಯಾವ ಕಾಲದಲ್ಲೋ ಕಳೆದುಹೋಗಿವೆ. ಕೆಳದವಡೆಯ ಸ್ಪ್ರಿಂಗು ಹೋದ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ್ದೇವೆ. ಯಾವ ಬ್ಯಾಚಿನ ಮಕ್ಕಳು ಹೆಸರಿಟ್ಟರೋ, ಎಲ್ಲರ ಬಾಯಲ್ಲೂ ಅವನು ಬೋರಣ್ಣ. "ಮಿಸ್, ಬೋರಣ್ಣನ್ನ ಎತ್ಕೊಂಡ್ ಬರ್ಲಾ?" ಅಂತ ಕೇಳುತ್ತಾರೆ. ಅವನನ್ನು ತರಲು ಇಬ್ಬರು ಬೇಕು. ಒಬ್ಬ ಸ್ಟ್ಯಾಂಡ್ ಎತ್ತಬೇಕು, ಇನ್ನೊಬ್ಬ ಕೈಕಾಲು ಬಾಗಿಲಿಗೆ ಬಡಿಯದಂತೆ ಹಿಡಿದುಕೊಳ್ಳಬೇಕು.

ಹದಿನೇಳು ವರ್ಷ ಅವನ ಪಕ್ಕ ನಿಂತು ಪಾಠ ಮಾಡಿದ್ದೇನೆ. ಒಟ್ಟು 206 ಮೂಳೆ ಮಕ್ಕಳೇ. ಒಂದು ಕೈಗೆ 27, ಒಂದು ಪಾದಕ್ಕೆ 26. ಎರಡು ಕೈ, ಎರಡು ಪಾದ ಸೇರಿಸಿ ನೋಡಿ, 106 ಆಯಿತು. ಅಂದರೆ ಮೈಯಲ್ಲಿರುವ ಮೂಳೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೈ ಪಾದಗಳಲ್ಲೇ ಇವೆ. ಈ ಲೆಕ್ಕ ಹೇಳಿದಾಗ ಪ್ರತಿ ವರ್ಷವೂ ಮಕ್ಕಳು ತಮ್ಮ ತಮ್ಮ ಕೈಯನ್ನು ಹೊಸದಾಗಿ ಕಂಡವರ ಹಾಗೆ ತಿರುಗಿಸಿ ನೋಡಿಕೊಳ್ಳುತ್ತಾರೆ. ನನಗೆ ಅದೊಂದು ಖುಷಿ. ಆಮೇಲೆ ಕೀಲುಗಳ ಪಾಠ, ಇಪ್ಪತ್ತು ನಿಮಿಷ. ಚೆಂಡು ಮತ್ತು ಗುಳಿ ಕೀಲು, ಬಿಜಾಗರಿ ಕೀಲು, ತಿರುಗುವ ಕೀಲು, ಜಾರುವ ಕೀಲು. ಬೋರಣ್ಣನ ಕೈ ಎತ್ತಿ ಇಳಿಸಿ, ಚಿತ್ರ ಬರೆಸಿ ಮುಗಿಸುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು.

ಹೋದ ವರ್ಷ ನನ್ನದೇ ಬಲ ಹೆಗಲು ಹಿಡಿದುಕೊಂಡಿತು. ಆಮೇಲೆ ಒಂದು ದಿನ ಬೋರಣ್ಣನ ಹೆಗಲಿಗೆ ಕಣ್ಣಿಟ್ಟು ನೋಡಿದೆ. ಅಲ್ಲಿ ಇದ್ದದ್ದು ಒಂದು ಸ್ಕ್ರೂ, ಒಂದು ನಟ್ಟು, ನಡುವೆ ತುಕ್ಕು ಹಿಡಿದ ವಾಷರ್ರು. ಮೊಣಕೈಯಲ್ಲಿ ತಂತಿ. ಮಂಡಿಯಲ್ಲಿ ಇನ್ನೊಂದು ಸ್ಕ್ರೂ. ಮೂಳೆ ಎಲ್ಲ ಇವೆ ಪಾಪ, ಕೀಲು ಒಂದೂ ಇಲ್ಲ. ಹದಿನೇಳು ವರ್ಷ ನಾನು ಸ್ಕ್ರೂ ತೋರಿಸಿ ಕೀಲು ಅಂತ ಹೇಳಿಕೊಟ್ಟಿದ್ದೇನೆ!

ಶುರುವಾಗಿದ್ದು ಸಣ್ಣದಾಗಿಯೇ. ಜೂನ್ ತಿಂಗಳ ಒಂದು ಬೆಳಿಗ್ಗೆ ಸೆರಗು ಸರಿಮಾಡಿಕೊಳ್ಳಲು ಬಲಗೈಯನ್ನು ಬೆನ್ನ ಹಿಂದೆ ತಗೊಂಡು ಹೋದೆ, ಹೋಗಲಿಲ್ಲ. ರಾತ್ರಿ ಮಲಗಿದ್ದು ಸರಿಯಿರಲಿಲ್ಲವೇನೋ ಅಂದುಕೊಂಡೆ. ಜುಲೈ ಹೊತ್ತಿಗೆ ಜಡೆ ಹೆಣೆಯಲಾಗದೆ ತುರುಬು ಕಟ್ಟಿದೆ, ಆಮೇಲೆ ತುರುಬಿಗೂ ಕೈ ಏಳಲಿಲ್ಲ. ಹೂ ಮುಡಿಸಿ ಅಂತ ನಮ್ಮ ಯಜಮಾನರನ್ನು ಕರೆದರೆ ಅವರು ಹೇರ್‌ಪಿನ್ನನ್ನು ಸೀದಾ ನೆತ್ತಿಗೇ ಚುಚ್ಚಿದರು. ರಾತ್ರಿ ಬಲಕ್ಕೆ ಹೊರಳಿದರೆ ಸಾಕು, ಜೀವ ಹೋದ ಹಾಗಾಗಿ ಎಚ್ಚರವಾಗುತ್ತಿತ್ತು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾಗದೆ ಸೀಟಿನ ಹಿಂಬದಿ ಹಿಡಿದುಕೊಂಡು ಮಂಡ್ಯದಿಂದ ಶಾಲೆಯವರೆಗೆ ಜೋಲಿ ಹೊಡೆಯುತ್ತಿದ್ದೆ. ಮುದ್ದೆಗೆ ಹಿಟ್ಟು ತೊಳಸುವುದಂತೂ ಬಿಟ್ಟೇಬಿಟ್ಟೆ. ಮಂಡ್ಯದ ಮನೆಯಲ್ಲಿ ಹೆಂಗಸು ಹಿಟ್ಟು ತೊಳಸುವುದು ಬಿಟ್ಟಳು ಅಂದರೆ ಬೀದಿಗೆಲ್ಲ ಸುದ್ದಿ. ಶಾಲೆಯಲ್ಲಿ ಬೋರ್ಡಿನ ಮೇಲರ್ಧ ಖಾಲಿ ಉಳಿಯತೊಡಗಿತು. ನಾನು ಕೆಳಗರ್ಧದಲ್ಲಿ ಬರೆಯುವುದು, ಹಿಂದಿನ ಬೆಂಚಿನವರು ಎದ್ದು ನಿಂತು ನೋಟ್ಸ್ ಇಳಿಸಿಕೊಳ್ಳುವುದು.

ಸಲಹೆಗಳಿಗೆ ಬರವಿರಲಿಲ್ಲ. ಉಳುಕು ಅಂದರು. ವಾಯು ಅಂದರು. ಪಕ್ಕದ ಮನೆಯ ಅಜ್ಜಿ, ಕಾಲು ಮುಂದಾಗಿ ಹುಟ್ಟಿದವರ ಕೈಲಿ ಹೆಗಲು ತುಳಿಸಿಕೋ ಕಣಮ್ಮಿ ಅಂದಿತು. ಅಂಥವರು ಯಾರೂ ಸಿಗಲಿಲ್ಲವಾದ್ದರಿಂದ ಬಚಾವಾದೆ. ನಾನು ಹೋದದ್ದು ಡಾಕ್ಟರ ಹತ್ತಿರವೇ. ಅವರು ಹೆಗಲ ಮೇಲೆ ಎರಡು ಸಲ ಒತ್ತಿ, "ಕೈ ಆಡಿಸಬೇಡಿ, ಪೂರ್ತಿ ರೆಸ್ಟ್ ಕೊಡಿ" ಅಂತ ಹೇಳಿ ಕತ್ತಿಗೆ ನೇತುಹಾಕಿಕೊಳ್ಳುವ ಪಟ್ಟಿ ಬರೆದುಕೊಟ್ಟರು. ನಾನೋ ಮೇಷ್ಟ್ರು ಜಾತಿ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು. ಎರಡು ತಿಂಗಳು ಕೈಯನ್ನು ಎದೆಗೆ ಕಟ್ಟಿಕೊಂಡು ಓಡಾಡಿದೆ. ಪಟ್ಟಿ ಬಿಚ್ಚಿದ ದಿನ ಕೈ ಮರದ ಕೊರಡಿನ ಹಾಗಿತ್ತು.

ಎರಡನೇ ಡಾಕ್ಟರು ಒತ್ತಿ ನೋಡಲಿಲ್ಲ. "ಮೊಣಕೈಯನ್ನು ಪಕ್ಕೆಗೆ ಅಂಟಿಸಿ. ಈಗ ಮುಂಗೈಯನ್ನು ಬಾಗಿಲು ತೆಗೆದ ಹಾಗೆ ಹೊರಗೆ ತಿರುಗಿಸಿ" ಅಂದರು. ಎಡಗೈ ಸಲೀಸಾಗಿ ಹೋಯಿತು. ಬಲಗೈ ನೇರ ನಿಂತದ್ದು ನಿಂತ ಹಾಗೇ. ಅವರೇ ಹಿಡಿದು ತಿರುಗಿಸಿದರೂ ಹೋಗಲಿಲ್ಲ. ಅದೇ ಗುರುತಂತೆ. ಮಾಂಸಖಂಡದ ನೋವಾಗಿದ್ದರೆ ಬೇರೆಯವರು ಎತ್ತಿದಾಗ ಕೈ ಬರುತ್ತದೆ. ಇದರಲ್ಲಿ ಯಾರು ಎತ್ತಿದರೂ ಬರುವುದಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿಯೇ ಇತ್ತು. ಫ್ರೋಜನ್ ಶೋಲ್ಡರ್ ಅಂದರು. ಹಾಗೇ ತಲೆ ಎತ್ತದೆ ಕೇಳಿದರು.

"ಶುಗರ್ ಇದೆಯಾ?"

"ಇಲ್ಲ ಡಾಕ್ಟ್ರೇ."

"ಟೆಸ್ಟ್ ಮಾಡಿಸಿದ್ದೀರಾ?"

"...ಇಲ್ಲ."

ಇತ್ತು. ಹೆಗಲು ಹಿಡಿಯದೇ ಹೋಗಿದ್ದರೆ ಅದು ಇನ್ನೆಷ್ಟು ವರ್ಷ ಗೊತ್ತಾಗದೇ ಇರುತ್ತಿತ್ತೋ. ನಲವತ್ತರಿಂದ ಅರವತ್ತರ ನಡುವಿನವರಿಗೆ, ಅದರಲ್ಲೂ ಹೆಂಗಸರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಜಾಸ್ತಿ. ಮೂರೂ ಪಟ್ಟಿಯಲ್ಲಿ ನನ್ನ ಹೆಸರಿದೆ. ಬೋಸ್ಟನ್ನಿನ ಸರ್ಜನ್ ಕಾಡ್ಮನ್ 1934ರಲ್ಲಿ ಇದಕ್ಕೆ ಹೆಪ್ಪುಗಟ್ಟಿದ ಹೆಗಲು ಅನ್ನುವ ಅರ್ಥದ ಹೆಸರಿಟ್ಟರು. ಜಪಾನಿನವರು 'ಐವತ್ತರ ಹೆಗಲು' ಅಂತಲೇ ಕರೆಯುತ್ತಾರಂತೆ. ನನಗೆ ಆಗ ಐವತ್ತೊಂದು. ಕಾಡ್ಮನ್ನರಿಗಿಂತ ಜಪಾನಿನವರೇ ನನಗೆ ಹೆಚ್ಚು ಹಿಡಿಸಿದರು.

ಮನೆಗೆ ಬಂದು ಓದಲು ಕೂತೆ. ಇಪ್ಪತ್ತು ನಿಮಿಷದ ಪಾಠದಲ್ಲಿ ನಾನು ಹಾರಿಸಿಬಿಡುತ್ತಿದ್ದ ಸಾಲು ಅಲ್ಲಿತ್ತು. ಹೆಗಲು, ಮಂಡಿ, ಮೊಣಕೈಯಂಥ ಆಡುವ ಕೀಲು ಅಂದರೆ ಎರಡು ಮೂಳೆ ಒಂದನ್ನೊಂದು ಮುಟ್ಟುವ ಜಾಗ ಅಂದುಕೊಂಡಿದ್ದೆ. ಮೂಳೆಗೆ ಮೂಳೆ ತಾಗುವುದೇ ಇಲ್ಲ. ಎರಡರ ತುದಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಎರಡನ್ನೂ ಸೇರಿಸಿ ಸುತ್ತಲೂ ಒಂದು ಚೀಲ ಕಟ್ಟಿದೆ. ಚೀಲದ ಒಳಪದರ ಒಂದು ರಸ ಒಸರುತ್ತದೆ. ಮೊಟ್ಟೆಯ ಬಿಳಿಯ ಹಾಗಿರುವ, ಅಂಟಂಟು ರಸ. ಇಡೀ ಮೈ ಭಾರ ಹೊರುವ ಮಂಡಿಯಲ್ಲೂ ಅದು ಒಂದು ಟೀ ಚಮಚದಷ್ಟು ಇರುವುದಿಲ್ಲ. ನನ್ನ ಹೆಗಲಲ್ಲಿ ಕೆಟ್ಟಿದ್ದು ಮೂಳೆಯಲ್ಲ, ಆ ಚೀಲ. ಉರಿ ಬಂದು, ದಪ್ಪವಾಗಿ, ಕುಗ್ಗಿ, ಒದ್ದೆ ಗೋಣಿ ಒಣಗಿದ ಮೇಲೆ ಸೆಟೆದುಕೊಳ್ಳುತ್ತದಲ್ಲ, ಹಾಗಾಗಿತ್ತು. ಅದರೊಳಗೆ ಚೆಂಡಿಗೆ ಹೊರಳಲು ಜಾಗವೇ ಇರಲಿಲ್ಲ.

ಆ ರಸಕ್ಕೆ ಪುಸ್ತಕದಲ್ಲಿ ಏನೇನೋ ಹೆಸರಿವೆ. ನನಗೆ ತಟ್ಟನೆ ನೆನಪಾಗಿದ್ದು ಕೀಲೆಣ್ಣೆ.

ನಮ್ಮಪ್ಪ ಗಾಡಿ ಮಾಡುವ ಬಡಗಿ. ಪಾಂಡವಪುರದ ಕಡೆಯ ಹಳ್ಳಿ. ಮನೆ ಮುಂದಿನ ಬೇವಿನ ಮರಕ್ಕೆ ಯಾವಾಗಲೂ ಒಂದೆರಡು ಚಕ್ರ ಒರಗಿರುತ್ತಿದ್ದವು. ಗುಂಬ, ಅಚ್ಚು, ಕಡಾಣಿ, ಮೂಕಿ, ನೊಗ, ಇವೆಲ್ಲ ನನಗೆ ಅಕ್ಷರಕ್ಕಿಂತ ಮೊದಲು ಬಂದ ಮಾತುಗಳು. ಅಚ್ಚಿನ ಮೇಲೆ ಗುಂಬ ತಿರುಗುವ ಜಾಗಕ್ಕೆ ಕೀಲೆಣ್ಣೆ ಹಾಕುತ್ತಿದ್ದರು. ಅಪ್ಪ ಅದನ್ನು ಮನೆಯಲ್ಲೇ ಮಾಡುತ್ತಿತ್ತು, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ. ಕಪ್ಪು ಪಾಯಸದ ಹಾಗಿರುತ್ತಿತ್ತು. ಬಿದಿರಿನ ಗೊಟ್ಟದಲ್ಲಿ ತುಂಬಿ, ಒಂದು ಕಡ್ಡಿ ಸಿಕ್ಕಿಸಿ, ಗಾಡಿ ಕೆಳಗೆ ನೇತುಹಾಕುತ್ತಿದ್ದರು. ಅದು ಒಂದು ಸಲ ಲಂಗಕ್ಕೆ ಹತ್ತಿದರೆ ಮುಗೀತು, ಅವ್ವನ ಒನಕೆ ಏಟಿಗೂ ಹೋಗುತ್ತಿರಲಿಲ್ಲ. ಕಬ್ಬು ಕಡಿಯುವ ಕಾಲಕ್ಕೆ ಮುಂಚೆ ಎಲ್ಲರೂ ಗಾಡಿ ರಿಪೇರಿಗೆ ಬರುತ್ತಿದ್ದರು. ಮಳೆಗಾಲವೆಲ್ಲ ಕೊಟ್ಟಿಗೆ ಪಕ್ಕ ನಿಂತ ಗಾಡಿಯನ್ನು ಕಂಡರೆ ಅಪ್ಪನಿಗೆ ಸಿಟ್ಟು. "ಓಡಿ ಸವೆದಿದ್ನ ನಾನ್ ಸರಿಮಾಡ್ಬೈದು ಕಣ್ಲಾ, ನಿಂತು ಕಚ್ಕೊಂಡಿದ್ನ ಏನ್ಲಾ ಮಾಡ್ಲಿ" ಅಂತ ಬಯ್ದುಕೊಂಡೇ ಸುತ್ತಿಗೆ ಎತ್ತುತ್ತಿತ್ತು.

ಮೈಯೊಳಗಿನ ಕೀಲೆಣ್ಣೆಗೂ ಗಾಡಿಯ ಕೀಲೆಣ್ಣೆಗೂ ಒಂದು ವ್ಯತ್ಯಾಸ. ಗಾಡಿಗೆ ಹೊರಗಿನಿಂದ ಹಾಕಬೇಕು. ಇಲ್ಲಿ ಚೀಲವೇ ಮಾಡಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಒಂದೂ ಇಲ್ಲ. ಅದಕ್ಕೆ ಊಟ ಬರುವುದು ಮುಖ್ಯವಾಗಿ ಈ ರಸದಿಂದಲೇ. ಭಾರ ಬಿದ್ದಾಗ ಸ್ಪಂಜಿನ ಹಾಗೆ ಹಿಂಡಿಕೊಳ್ಳುತ್ತದೆ, ಭಾರ ತೆಗೆದಾಗ ಹೀರಿಕೊಳ್ಳುತ್ತದೆ. ಆಡಿಸಿದರೆ ಊಟ, ಆಡಿಸದಿದ್ದರೆ ಉಪವಾಸ. ಆ ರಸದ ಗುಣವೂ ಹಾಗೇ ಇದೆ, ಸುಮ್ನೆ ಇದ್ದರೆ ಮಂದ, ಕೀಲು ಆಡುತ್ತಿದ್ದ ಹಾಗೆ ತೆಳ್ಳಗಾಗುತ್ತದೆ. ಬೆಳಿಗ್ಗೆ ಎದ್ದಾಗ ಮೈ ಬಿಗಿಯಾಗಿದ್ದು, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲಾಗುವುದಕ್ಕೆ ಇದೂ ಒಂದು ಕಾರಣ. ನಾನು ಎರಡು ತಿಂಗಳು ಪಟ್ಟಿ ಕಟ್ಟಿಕೊಂಡು ಓಡಾಡಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಡಾಕ್ಟರು ಹೆಗಲಿಗೆ ಒಂದು ಇಂಜೆಕ್ಷನ್ ಕೊಟ್ಟು, ಕೆಲವು ದಿನ ಶುಗರ್ ಏರಬಹುದು ನೋಡಿಕೊಳ್ಳಿ ಅಂತ ಹೇಳಿ, ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದ ಹುಡುಗಿ ನನ್ನನ್ನು ನೋಡಿ ಕಣ್ಣರಳಿಸಿದಳು. "ಅಯ್ಯೋ, ಮಿಸ್! ನೀವಾ?" ನಮ್ಮ ಶಾಲೆಯಲ್ಲೇ ಓದಿದವಳು. ಮೂರನೇ ಬೆಂಚು, ಕಿಟಕಿ ಪಕ್ಕ. ಬೋರಣ್ಣನ ಕೆಳದವಡೆಯ ಸ್ಪ್ರಿಂಗು ಮುರಿದದ್ದು ಇವಳ ಕೈಯಲ್ಲೇ ಅಂತ ನನಗೆ ಬಲವಾದ ಅನುಮಾನ.

ಬಿಸಿ ಶಾಖ ಕೊಟ್ಟು, ಮೂರು ಕೆಲಸ ಹೇಳಿಕೊಟ್ಟಳು. ಎಡಗೈಯಲ್ಲಿ ಮೇಜು ಹಿಡಿದು ಮುಂದೆ ಬಾಗಿ, ಬಲಗೈಯನ್ನು ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ತೂಗಾಡಲು ಬಿಡುವುದು. ಆಗ ಕೈಯ ಭಾರಕ್ಕೇ ಚೆಂಡು ಗುಳಿಯಿಂದ ಕೊಂಚ ಸಡಿಲಾಗುತ್ತದೆ. ಎರಡನೆಯದು, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಎಡಗೈಯಿಂದ ಬಲಗೈಯನ್ನು ಹೊರಗೆ ತಳ್ಳುವುದು. ಮನೆಯಲ್ಲಿ ಅಳತೆಗೆ ಸರಿಯಾದ ಕೋಲು ಹುಡುಕಿದರೆ ಸಿಕ್ಕಿದ್ದು ಹಿಟ್ಟಿನ ಕೋಲೇ. ಎರಡು ತಿಂಗಳಿಂದ ಮೂಲೆ ಸೇರಿತ್ತು, ಕೆಲಸಕ್ಕೆ ಬಂತು. ಮೂರನೆಯದು ಗೋಡೆ ಹತ್ತುವುದು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲೆ ನಡೆಸಬೇಕು.

"ದಿನಕ್ಕೆ ಮೂರು ಸಲ ಮಿಸ್. ಹೋಮ್‌ವರ್ಕ್ ಮಾಡಿಲ್ಲ ಅಂತ ನಮ್ಮನ್ನ ಹೊರಗೆ ನಿಲ್ಲಿಸ್ತಿದ್ರಿ, ಜ್ಞಾಪಕ ಇದೆ ತಾನೆ?"

ಇದೆ ಕಣೇ ತಾಯಿ.

ಮಲಗುವ ಕೋಣೆಯ ಗೋಡೆಗೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕತೊಡಗಿದೆ. ಮೊದಲ ಗೆರೆ, ಅಕ್ಟೋಬರ್ 9, ನನ್ನ ಮೂಗಿನ ಮಟ್ಟ. ಮುಂದಿನ ವಾರ ಅದರಿಂದ ಒಂದು ಬೆರಳು ಮೇಲೆ. ಅದರ ಮುಂದಿನ ವಾರ ಅರ್ಧ ಬೆರಳು ಕೆಳಗೆ. ದೀಪಾವಳಿಗೆ ಸುಣ್ಣಬಣ್ಣ ಮಾಡಿಸಿದ ಗೋಡೆ ಅಂತ ಯಜಮಾನರು ಗೊಣಗಿದರು, ನಾನು ಕೇಳಿಸಿಕೊಳ್ಳಲಿಲ್ಲ. ಹಣೆ, ನೆತ್ತಿ, ಹೀಗೆ ಗೆರೆ ಏರುತ್ತಾ ಹೋಯಿತು. ಸಂಕ್ರಾಂತಿಗೆ ಸ್ವಿಚ್ ಬೋರ್ಡಿನ ಮೇಲಂಚು ದಾಟಿತು. ಚಿಕ್ಕ ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿಗೆ ಗೆರೆ ಎಳೆದು ನೋಡುತ್ತೇವಲ್ಲ, ಹಾಗೆ ಐವತ್ತೊಂದರಲ್ಲಿ ನಾನು ಬೆಳೆಯುತ್ತಿದ್ದೆ.

ಆ ಜನವರಿಯಲ್ಲೇ ಮತ್ತೆ ಕೀಲಿನ ಪಾಠ ಬಂತು. ಬೋರಣ್ಣನನ್ನು ತರಿಸಲಿಲ್ಲ. ಮಕ್ಕಳನ್ನು ಜೋಡಿ ಮಾಡಿ ನಿಲ್ಲಿಸಿದೆ. ಒಬ್ಬರು ಕೈಯನ್ನು ಪಕ್ಕದಿಂದ ನಿಧಾನವಾಗಿ ಮೇಲೆತ್ತಬೇಕು. ಇನ್ನೊಬ್ಬರು ಅವರ ಬೆನ್ನಿನ ಮೇಲೆ, ಹೆಗಲ ಹಲಗೆಯ ಮೇಲೆ ಕೈ ಇಟ್ಟು ಏನಾಗುತ್ತದೆ ಹೇಳಬೇಕು. ಕೈ ಸ್ವಲ್ಪ ಏಳುವವರೆಗೆ ಹಲಗೆ ಹೆಚ್ಚುಕಡಿಮೆ ಸುಮ್ನೆ ಇರುತ್ತದೆ. ಆಮೇಲೆ ಅದೂ ತಿರುಗಲು ಶುರುಮಾಡುತ್ತದೆ. ಕೈ ಕಿವಿಗೆ ತಾಗುವವರೆಗೆ ಎತ್ತಿದರೆ 180 ಡಿಗ್ರಿ. ಅದರಲ್ಲಿ ಸುಮಾರು 120 ಚೆಂಡು ಗುಳಿಯದು, ಉಳಿದ 60 ಹಲಗೆಯದು. ಎರಡಕ್ಕೆ ಒಂದರ ಲೆಕ್ಕ. ಕೈ ಎತ್ತಿದೆ ಅಂತ ನಾವು ಅಂದುಕೊಳ್ಳುವಾಗ ಬೆನ್ನಿನ ಮೇಲೆ ಇನ್ನೊಂದು ಮೂಳೆ ಸದ್ದಿಲ್ಲದೆ ನಡೆದಿರುತ್ತದೆ. ಆ ಹಲಗೆಯೋ, ಪಕ್ಕೆಲುಬಿನ ಮೇಲೆ ಬರೀ ಮಾಂಸದಲ್ಲಿ ತೇಲುತ್ತಿದೆ. ಇಡೀ ತೋಳು ಎದೆಗೂಡಿಗೆ ಮೂಳೆಯ ಮೂಲಕ ಸೇರುವುದು ಒಂದೇ ಕಡೆ, ಕತ್ತಿನ ಗುಳಿಯ ಪಕ್ಕ ಕೊರಳೆಲುಬು ಎದೆಮೂಳೆಗೆ ತಾಗುವಲ್ಲಿ. ಬೆರಳಿಟ್ಟು ಹೆಗಲು ಕುಣಿಸಿ ನೋಡಿ, ಅಲ್ಲಿ ಆಡುವುದು ಗೊತ್ತಾಗುತ್ತದೆ.

ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. "ಮಿಸ್, ಇವ್ನ ಬೆನ್ನಲ್ಲಿ ಹಲ್ಲಿ ಓಡ್ದಂಗಾಯ್ತದೆ" ಅಂತ ಒಬ್ಬ. ಅಷ್ಟರಲ್ಲಿ ಮುಂದಿನ ಬೆಂಚಿನ ಒಬ್ಬಳು, ಸಾಮಾನ್ಯವಾಗಿ ಬಾಯೇ ಬಿಡದ ಹುಡುಗಿ, ಹತ್ತಿರ ಬಂದು, "ಮಿಸ್, ನಿಮ್ದು ನೋಡ್ಲಾ?" ಅಂದಳು. ಬೆನ್ನು ಕೊಟ್ಟು ನಿಂತೆ. ಸೀರೆಯ ಮೇಲಿಂದ ಅವಳ ಪುಟ್ಟ ಕೈ ಹಲಗೆಯ ಮೇಲೆ ಕೂತಿತು. ಬಲಗೈ ಎತ್ತಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು ಹೇಳಿದಳು.

"ಮಿಸ್, ನಿಮ್ಮ ಕೈ ಇನ್ನೂ ಎದ್ದೇ ಇಲ್ಲ. ಹಲಗೆ ಆಗ್ಲೇ ಹೊರಟೋಯ್ತು."

ಫಿಸಿಯೋಥೆರಪಿ ಹುಡುಗಿ ಮೂರು ತಿಂಗಳಿಂದ ಕನ್ನಡಿ ಮುಂದೆ ನಿಲ್ಲಿಸಿ ಇದನ್ನೇ ಬಯ್ಯುತ್ತಿದ್ದಳು. ಚೆಂಡು ಹೊರಳದೇ ಇದ್ದಾಗ ಮೈ ಮೋಸ ಮಾಡುತ್ತದೆ. ಹಲಗೆಯನ್ನೇ ಎತ್ತಿ, ಹೆಗಲನ್ನು ಕಿವಿಯ ಕಡೆಗೆ ತಂದು, ಕೈ ಎದ್ದ ಹಾಗೆ ತೋರಿಸುತ್ತದೆ. ಹದಿನಾಲ್ಕು ವರ್ಷದ ಹುಡುಗಿ ಅದನ್ನು ಅಂಗೈಯಲ್ಲಿ ಹಿಡಿದಳು. ನಾನು ಇಡೀ ಕ್ಲಾಸಿಗೆ ನಿಜ ಹೇಳಿದೆ. ಕಬ್ಬಿಗೂ ಗೆಣ್ಣು ಇದೆ, ಬೆರಳಿಗೂ ಗೆಣ್ಣು ಇದೆ ಅಲ್ವಾ? ಬೆರಳಿನದು ಮಡಚುತ್ತದೆ, ಕಬ್ಬಿನದು ಮಡಚಿದರೆ ಲಟಕ್ಕನೆ ಮುರಿಯುತ್ತದೆ. ನನ್ನ ಹೆಗಲು ಈಗ ಕಬ್ಬಿನ ಗೆಣ್ಣು ಅಂತ. ಎಲ್ಲರ ಮನೆಯಲ್ಲೂ ಕಬ್ಬಿನ ಗದ್ದೆ ಇದೆ. ಬೇರೆ ವಿವರಣೆ ಬೇಕಾಗಲಿಲ್ಲ.

ಆಮೇಲೆ ಬೋರಣ್ಣನ ಬಲ ಹೆಗಲಿನ ಸ್ಕ್ರೂ ಬಿಚ್ಚಿದೆವು. ಗುಳಿ ನೋಡಿ ಎಲ್ಲರಿಗೂ ಆಶ್ಚರ್ಯ. ಗುಳಿ ಅನ್ನುವ ಮಾತಿಗೇ ಅವಮಾನ, ಅಷ್ಟು ಮೇಲುಮೇಲೆ. ತೋಳಿನ ಚೆಂಡಿನಲ್ಲಿ ಕಾಲುಭಾಗವೋ ಮೂರರಲ್ಲಿ ಒಂದು ಭಾಗವೋ ಅದರಲ್ಲಿ ಕೂರುತ್ತದೆ ಅಷ್ಟೇ. ಸ್ಪೋರ್ಟ್ಸ್ ಡೇಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತಾರಲ್ಲ, ನಮ್ಮ ಹೆಗಲು ಅದೇ. ನಿಂಬೆಹಣ್ಣು ಬೀಳದ ಹಾಗೆ ಸುತ್ತಲಿಂದ ನಾಲ್ಕು ಮಾಂಸಖಂಡ ಹಿಡಿದುಕೊಂಡಿವೆ. ಅದಕ್ಕೇ ಕೈ ಎಲ್ಲ ಕಡೆಗೂ ತಿರುಗುತ್ತದೆ, ಅದಕ್ಕೇ ದೊಡ್ಡ ಕೀಲುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಳಚಿಕೊಳ್ಳುವುದೂ ಹೆಗಲೇ. ಗರಡಿಯವರನ್ನು ಕೇಳಿ, ಹೇಳುತ್ತಾರೆ. ತೊಡೆಯ ಸಂದು ಹಾಗಲ್ಲ. ಅದು ಒರಳಲ್ಲಿ ಕೂತ ರುಬ್ಬುಗುಂಡು. ಆಳ, ಗಟ್ಟಿ, ಅಷ್ಟು ಸುಲಭಕ್ಕೆ ಎದ್ದು ಬರುವುದಿಲ್ಲ. ತಿರುಗುವುದೂ ಅಷ್ಟಕ್ಕಷ್ಟೇ.

ಅವತ್ತು ಪಾಠ ಎರಡು ಪೀರಿಯಡ್ ಹೋಯಿತು. ಕತ್ತಿನ ಕೀಲಿಗೆ ಹೋಲಿಕೆಯಾಗಿ ಬೀಸುವ ಕಲ್ಲು ಸಿಕ್ಕಿತು. ಕೆಳಗಲ್ಲಿನ ನಡುವೆ ಒಂದು ಗೂಟ, ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆ. ಕತ್ತಿನ ಎರಡನೇ ಮೂಳೆಗೆ ಅಂಥದೇ ಒಂದು ಗೂಟ ಇದೆ, ಮೊದಲನೇ ಮೂಳೆ ಬಳೆಯ ಹಾಗೆ ಅದನ್ನು ಸುತ್ತಿಕೊಂಡಿದೆ. 'ಇಲ್ಲ' ಅಂತ ತಲೆ ಆಡಿಸುವಾಗ ಸುಮಾರು ಅರ್ಧ ತಿರುಗುವಿಕೆ ಅಲ್ಲೇ ಆಗುವುದು. 'ಹೌದು' ಅನ್ನುವಾಗ ಆಡುವುದು ಅದರ ಮೇಲೆ, ಬುರುಡೆ ಕೂರುವ ಜಾಗದಲ್ಲಿ. ಪುಸ್ತಕದಲ್ಲಿ ಇಷ್ಟೇ, ಹೌದು ಮತ್ತು ಇಲ್ಲ. "ಮಿಸ್, ನಮ್ಮಪ್ಪ ದುಡ್ಡು ಕೇಳಿದ್ರೆ ಹಿಂಗಂತರಲ್ಲ?" ಅಂತ ಒಬ್ಬ ತಲೆಯನ್ನು ಆ ಹೆಗಲಿಗೂ ಈ ಹೆಗಲಿಗೂ ಓಲಾಡಿಸಿ ತೋರಿಸಿದ. ಹೌದೂ ಅಲ್ಲ, ಇಲ್ಲವೂ ಅಲ್ಲ, ನೋಡೋಣ ಬಿಡು. ಅದಕ್ಕೆ ಕತ್ತಿನ ಮೂಳೆಗಳೆಲ್ಲ ಕೆಲಸ ಮಾಡಬೇಕು. ಅಷ್ಟು ಕಷ್ಟಪಟ್ಟು ಅಪ್ಪ ಏನೂ ಹೇಳಿರುವುದಿಲ್ಲ.

ಹೆಬ್ಬೆರಳ ಬುಡಕ್ಕೆ ಕುದುರೆಯ ಜೀನು. ಎರಡು ಜೀನು ಒಂದರ ಮೇಲೊಂದು ಅಡ್ಡಡ್ಡ ಕೂರಿಸಿದ ಹಾಗಿರುವ ಕೀಲು ಅದು. ದಸರಾದಲ್ಲಿ ಮೈಸೂರಿನ ಅಶ್ವಾರೋಹಿ ಪೊಲೀಸರನ್ನು ನೋಡಿದ್ದೀರಲ್ಲ, ಅವರು ಕೂರುವ ಜೀನೇ. ಹೆಬ್ಬೆರಳು ಬೇರೆ ಬೆರಳುಗಳ ಎದುರಿಗೆ ಬಂದು ನಿಲ್ಲುವುದು ಇದರಿಂದ. ಇದಿಲ್ಲದಿದ್ದರೆ ಪೆನ್ನೂ ಇಲ್ಲ, ಮುದ್ದೆ ಮುರಿಯುವುದೂ ಇಲ್ಲ.

ನೆಟಿಕೆ ಮುರಿಯುವ ವಿಷಯ ಬಾರದೇ ಇರುತ್ತದೆಯೇ? ಇಡೀ ಕ್ಲಾಸು ಪಟಪಟ ಮುರಿದು ತೋರಿಸಿತು. ನಮ್ಮಜ್ಜಿ ದೃಷ್ಟಿ ತೆಗೆದ ಮೇಲೆ ನನ್ನ ಕೆನ್ನೆ ಸವರಿ, ತನ್ನ ಎರಡೂ ಕಿವಿಯ ಪಕ್ಕಕ್ಕೆ ಬೆರಳೊತ್ತಿ ನೆಟಿಕೆ ಮುರಿಯುತ್ತಿತ್ತು. ಎಷ್ಟು ಜೋರು ಸದ್ದು ಬಂದರೆ ಅಷ್ಟು ದೃಷ್ಟಿ ಆಗಿತ್ತು ಅಂತ ಲೆಕ್ಕ. ಸದ್ದು ಮೂಳೆಯದಲ್ಲ, ಆ ಕೀಲೆಣ್ಣೆಯದು. ಬೆರಳನ್ನು ಎಳೆದಾಗ ಚೀಲದೊಳಗೆ ಜಾಗ ಹಿಗ್ಗಿ, ರಸದಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗುತ್ತದೆ. 2015ರಲ್ಲಿ ಕೆನಡಾದಲ್ಲಿ ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆಸಿಕೊಂಡು ಇದನ್ನು ವೀಡಿಯೋ ಮಾಡಿದ್ದಾರೆ. ಗುಳ್ಳೆ ಮತ್ತೆ ಕರಗಲು ಸುಮಾರು ಇಪ್ಪತ್ತು ನಿಮಿಷ ಬೇಕು. ಅದಕ್ಕೇ ಒಮ್ಮೆ ಮುರಿದ ಬೆರಳು ತಕ್ಷಣ ಇನ್ನೊಮ್ಮೆ ಸದ್ದು ಕೊಡುವುದಿಲ್ಲ. ನೆಟಿಕೆ ಮುರಿದರೆ ಸಂಧಿವಾತ ಬರುತ್ತದೆ ಅನ್ನುವ ಮಾತಿಗೆ ಅಮೆರಿಕದ ಡೊನಾಲ್ಡ್ ಅಂಗರ್ ಅನ್ನುವ ಡಾಕ್ಟರು ಚೆನ್ನಾಗಿ ಉತ್ತರ ಕೊಟ್ಟರು. ಅರವತ್ತು ವರ್ಷಕ್ಕೂ ಮೇಲೆ ಎಡಗೈ ನೆಟಿಕೆ ಮಾತ್ರ ಮುರಿದು, ಬಲಗೈಯದನ್ನು ಬಿಟ್ಟು, ಎರಡಕ್ಕೂ ವ್ಯತ್ಯಾಸವಿಲ್ಲ ಅಂತ ತೋರಿಸಿದರು. 2009ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ ಅದು. ನಮ್ಮಜ್ಜಿ ಎರಡೂ ಕೈಯದು ಮುರಿಯುತ್ತಿದ್ದರಿಂದ ಯಾವ ಪ್ರಶಸ್ತಿಯೂ ಬರಲಿಲ್ಲ.

ಮಂಡಿಯ ಬಗ್ಗೆ ಹೇಳಲು ಹೋದರೆ ಇನ್ನೊಂದು ಬರಹವಾಗುತ್ತದೆ. ಅವ್ವನದೊಂದು ಮಾತು ಮಾತ್ರ. ಆಷಾಢದಲ್ಲಿ ಚಾಮುಂಡಿ ಬೆಟ್ಟ ಹತ್ತುವುದು ಅವಳ ಹರಕೆ, ಸಾವಿರ ಮೆಟ್ಟಿಲೂ ಕಾಲ್ನಡಿಗೆ. "ಹತ್ತುವಾಗ ಉಸಿರು ಬತ್ತದೆ, ಇಳಿಯುವಾಗ ಮಂಡಿ ಬತ್ತದೆ" ಅನ್ನುತ್ತಾಳೆ. ಅಳೆದು ನೋಡಿದವರೂ ಅದನ್ನೇ ಹೇಳುತ್ತಾರೆ. ಮೆಟ್ಟಿಲು ಇಳಿಯುವಾಗ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಮೈತೂಕದ ಮೂರು ಪಟ್ಟಿಗಿಂತ ಹೆಚ್ಚು ಭಾರ ಬೀಳುತ್ತದೆ, ಹತ್ತುವಾಗಿನದಕ್ಕಿಂತಲೂ ಜಾಸ್ತಿ. ಈಗ ಹತ್ತಿ ಹೋಗಿ ಬಸ್ಸಲ್ಲಿ ಇಳಿಯುತ್ತಾಳೆ. ದೇವಿಗೆ ಅಭ್ಯಂತರ ಇಲ್ಲವಂತೆ.

ನನ್ನ ಹೆಗಲಿಗೆ ಈಗ ಹದಿನಾಲ್ಕು ತಿಂಗಳು. ಒಂದರಿಂದ ಮೂರು ವರ್ಷ ಹಿಡಿಯಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ನೋವು, ಬಿಗಿ, ಸಡಿಲ, ಮೂರು ಹಂತ. ನಾನು ಮೂರನೆಯದರಲ್ಲಿದ್ದೇನೆ. ಬಸ್ಸಿನ ಕಂಬಿ ಸಿಗುತ್ತದೆ. ಹಿಟ್ಟಿನ ಕೋಲು ತನ್ನ ಕೆಲಸಕ್ಕೆ ವಾಪಸ್ಸು ಹೋಗಿದೆ, ಇಬ್ಬರಿಗಾಗುವಷ್ಟು ತೊಳಸಬಲ್ಲೆ, ನೆಂಟರು ಬಂದರೆ ಯಜಮಾನರೇ ಗತಿ. ಬೋರ್ಡಿನ ಮೇಲಂಚಿಗೆ ಇನ್ನೂ ನಾಲ್ಕು ಬೆರಳು ಬಾಕಿ. ಬೆನ್ನ ಹಿಂದೆ ಕೈ ಸೊಂಟದವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ.

ಬೋರಣ್ಣನ ಸ್ಕ್ರೂ ಅವತ್ತೇ ಹಾಕಿದೆವು, ಆದರೆ ಕೈ ಸರಿಯಾಗಿ ಏಳುತ್ತಿರಲಿಲ್ಲ, ಕಿರ್ರೆನ್ನುತ್ತಿತ್ತು. ಹೋದ ಸೋಮವಾರ ಲ್ಯಾಬಿಗೆ ಹೋದರೆ ನೆಲದ ಮೇಲೆ ಅಂಟು ಅಂಟು. ಯಾವನೋ ಮನೆಯಿಂದ ಔಷಧಿ ಬಾಟಲಿಯಲ್ಲಿ ಹರಳೆಣ್ಣೆ ತಂದು, ಹೆಗಲು, ಮೊಣಕೈ, ಮಂಡಿ, ಒಂದನ್ನೂ ಬಿಡದೆ ಹಾಕಿದ್ದಾನೆ. ನೆತ್ತಿಗೂ ಇಟ್ಟಿದ್ದಾನೆ. ಅಟೆಂಡರು ಬಟ್ಟೆ ಹಿಡಿದುಕೊಂಡು, "ಯಾವ್ ಬಡ್ಡೀಮಗನ್ ಕೆಲ್ಸ ಇದು" ಅಂತ ಬಯ್ಯುತ್ತಾ ಒರೆಸುತ್ತಿದ್ದರು. ಅವರು ಆಚೆ ಹೋದ ಮೇಲೆ ಬೋರಣ್ಣನ ಬಲಗೈ ಹಿಡಿದು ಎತ್ತಿ ನೋಡಿದೆ. ಸದ್ದಿಲ್ಲದೆ ಕಿವಿಯವರೆಗೆ ಬಂತು. ನನ್ನದಕ್ಕಿಂತ ನಾಲ್ಕು ಬೆರಳು ಮೇಲೆ.